ಮೇಷ್ಟರ ಹೆಸರಿನಲ್ಲಿದ್ದ ವಾಕ್ಯ

ವಿದ್ವಾಂಸರ ಜೊತೆ ಮಾತನಾಡುವುದು ನನ್ನ ಕಸುಬು. ಪ್ರತಿ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ, ವಿಚಾರಗಳ ಚರಿತ್ರೆಯ ಮೇಲೆ ಬಂದ ಹೊಸ ಪುಸ್ತಕವೊಂದನ್ನು ಹಿಡಿದುಕೊಂಡು, ಅದನ್ನು ಬರೆದವರನ್ನು ಎದುರಿಗೆ ಕೂರಿಸಿಕೊಂಡು ರೇಡಿಯೋದಲ್ಲಿ ನೇರಪ್ರಸಾರ. ಒಂಬತ್ತು ವರ್ಷದಲ್ಲಿ ನನಗೆ ಗೊತ್ತಾದದ್ದು ಇಷ್ಟು: ಮುನ್ನೂರು ವರ್ಷದ ಹಿಂದೆ ಸತ್ತವನ ಮನಸ್ಸಿನಲ್ಲಿ ಏನಿತ್ತೆಂದು ಇವರು ಕಣ್ಣಿಗೆ ಕಟ್ಟುವಂತೆ ಹೇಳುತ್ತಾರೆ, ಎದುರಿಗೆ ಕೂತವಳು ಆಕಳಿಕೆ ನುಂಗುತ್ತಿರುವುದು ಮಾತ್ರ ಇವರಿಗೆ ಕಾಣುವುದಿಲ್ಲ.

ಆ ವಾರದ್ದು ಐನೂರು ಪುಟದ ಪುಸ್ತಕ. ಒಪ್ಪಿಗೆ ಎಂಬ ವಿಚಾರ ಹೇಗೆ ಬೆಳೆದುಬಂತು ಎಂಬುದರ ಚರಿತ್ರೆ. ಬರೆದವರು ದೊಡ್ಡ ಪ್ರೊಫೆಸರು. ಐನೂರು ಪುಟಗಳೂ ನಿಂತಿದ್ದದ್ದು ಒಂದೇ ವಾಕ್ಯದ ಮೇಲೆ. ತೊಂಬತ್ತು ವರ್ಷದ ಹಿಂದೆ ತೀರಿಕೊಂಡ, ಈಗ ಎಲ್ಲರೂ ಮಹಾ ಚಿಂತಕರೆಂದು ಕೊಂಡಾಡುವ ಒಬ್ಬ ಶಾಲಾ ಮೇಷ್ಟ್ರು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆನ್ನಲಾದ ವಾಕ್ಯ ಅದು: 'ಸುಮ್ಮನಿದ್ದವರು ಒಪ್ಪಿಕೊಂಡವರಲ್ಲ, ಅವರನ್ನು ಯಾರೂ ಕೇಳಿರಲಿಲ್ಲ, ಅಷ್ಟೆ.'

ಶನಿವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಪುಸ್ತಕ ಹರವಿಕೊಂಡು ಅದನ್ನು ಜೋರಾಗಿ ಓದಿದೆ. ಎದುರಿಗೆ ಚಿಕ್ಕಮ್ಮ ಬಟಾಣಿ ಸುಲಿಯುತ್ತಿದ್ದಳು.

"ಅದು ನಂದು ಕಣೇ," ಅಂದಳು.

"ಯಾವುದು?"

"ಆ ವಾಕ್ಯ. ನಾನೇ ಬರೆದಿದ್ದು."

ನಗು ಬಂತು. ಅವಳು ನಗಲಿಲ್ಲ. ಬಟಾಣಿಯ ತಟ್ಟೆ ಪಕ್ಕಕ್ಕಿಟ್ಟು ಹೇಳತೊಡಗಿದಳು.

ಚಿಕ್ಕಮ್ಮ ಮೂವತ್ತಾರು ವರ್ಷ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗದಲ್ಲಿ ಟೈಪಿಸ್ಟ್ ಆಗಿದ್ದವಳು. ಮೇಷ್ಟರ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಹಾಗಾಗಿ ಅವರ ನೋಟ್‌ಬುಕ್ಕುಗಳನ್ನೆಲ್ಲ ಅವಳೇ ಟೈಪ್ ಮಾಡಿದ್ದಳು. ಅಂದಿನಿಂದ ವಿದ್ವಾಂಸರೆಲ್ಲ ಓದುತ್ತಾ ಬಂದದ್ದು ಅವಳ ಪ್ರತಿಯನ್ನೇ. ಒಂದು ಪುಟದಲ್ಲಿ ಶಾಯಿ ಚೆಲ್ಲಿ ಎರಡು ಸಾಲು ಮುಳುಗಿಹೋಗಿದ್ದವು. ಓದಲಾಗದ ಕಡೆ ಚುಕ್ಕಿ ಇಡಬೇಕೆನ್ನುವುದು ವಿಭಾಗದ ನಿಯಮ. ಅವಳು ಚುಕ್ಕಿ ಇಟ್ಟಳು.

"ನಮ್ಮ ಮುಖ್ಯಸ್ಥರು ಹಾಳೆ ಎಸೆದ್ರು. ಹಲ್ಲು ಬಿದ್ದ ಬಾಯಿ ಥರ ಕಾಣುತ್ತೆ, ಹಿಂದೆ ಮುಂದೆ ನೋಡ್ಕೊಂಡು ಏನಾದ್ರೂ ತುಂಬ್ಸು ಅಂದ್ರು. ಅದೇ ವಾರ ನಮಗೆಲ್ಲ ಭಾನುವಾರದ ರಜ ಕಿತ್ಕೊಂಡಿದ್ರು. ಯಾರೂ ತಕರಾರು ಮಾಡ್ಲಿಲ್ಲ, ಅಂದ್ರೆ ಎಲ್ರೂ ಒಪ್ಪಿದೀರಿ ಅಂತ ನೋಟಿಸ್ ಬೇರೆ. ನಂಗಾಗ ಇಪ್ಪತ್ತೆರಡು. ಹೊಟ್ಟೆ ಉರೀತಿತ್ತು. ತುಂಬಿಸ್ದೆ."

ಸೋಮವಾರ ಹಸ್ತಪ್ರತಿ ವಿಭಾಗಕ್ಕೆ ಹೋಗಿ ಮೂಲ ನೋಟ್‌ಬುಕ್ಕನ್ನು ತರಿಸಿದೆ. ಅದನ್ನು ಯಾರಾದರೂ ಕೇಳಿ ಹನ್ನೊಂದು ವರ್ಷವಾಗಿತ್ತು. ಅರವತ್ತೆರಡನೆಯ ಪುಟದಲ್ಲಿ ಅಂಗೈ ಅಗಲದ ನೀಲಿ ಕಲೆ, ಅದರಡಿ ಒಂದಕ್ಷರವೂ ಕಾಣುವುದಿಲ್ಲ. ಟೈಪ್ ಪ್ರತಿಯ ಕಡತದ ತಳದಲ್ಲಿ ಚುಕ್ಕಿಗಳಿದ್ದ ಮೊದಲ ಹಾಳೆಯೂ ಸಿಕ್ಕಿತು. ಅಂಚಿನಲ್ಲಿ ಕೆಂಪು ಪೆನ್ಸಿಲ್ಲಿನಲ್ಲಿ 'ತುಂಬಿಸಿ' ಎಂಬ ಆಜ್ಞೆ. ಎರಡರದ್ದೂ ಫೋಟೋ ತೆಗೆದುಕೊಂಡೆ.

ಮಂಗಳವಾರ ನಮ್ಮ ನಿಲಯದ ಮುಖ್ಯಸ್ಥ ನನ್ನ ಪ್ರಶ್ನೆಪಟ್ಟಿ ನೋಡಿ ಕಡ್ಡಿ ಮುರಿದ ಹಾಗೆ ಹೇಳಿದ. "ಪ್ರೊಫೆಸರು ನಮ್ಮ ಆಡಳಿತ ಮಂಡಳೀಲಿದ್ದಾರೆ. ಇದನ್ನ ಕೇಳಿದ್ರೆ ನಿನ್ನ ಕಾರ್ಯಕ್ರಮ ಎತ್ತಂಗಡಿ."

ಆ ಪ್ರಶ್ನೆಯನ್ನು ಹೊಡೆದುಹಾಕಿದೆ. ಬರೆಯುವುದಕ್ಕೇ ನಾಚಿಕೆಯಾಗುತ್ತದೆ, ಆದರೆ ಹೊಡೆದುಹಾಕಿದ್ದು ನಾನೇ. ಬುಧವಾರ ಬೆಳಿಗ್ಗೆ ಚಿಕ್ಕಮ್ಮನಿಗೆ ಹಾಗೆಂದು ಹೇಳಿದೆ. ಅವಳು ಒಳಗೆ ಹೋಗಿ ಒಳ್ಳೆಯ ಚಪ್ಪಲಿ ಹಾಕಿಕೊಂಡು ಬಂದಳು. "ನಿನ್ನ ಸ್ಟುಡಿಯೋ ನೋಡಿಲ್ಲ ನಾನು. ನಡಿ," ಅಂದಳು.

ಅವಳನ್ನು ಗಾಜಿನಾಚೆ ತಂತ್ರಜ್ಞನ ಪಕ್ಕ ಕೂರಿಸಿ ಕಾರ್ಯಕ್ರಮ ಶುರು ಮಾಡಿದೆ. ಹತ್ತೇ ನಿಮಿಷಕ್ಕೆ ಪ್ರೊಫೆಸರು ಆ ವಾಕ್ಯಕ್ಕೆ ಬಂದರು.

"ಇಂಥದ್ದೊಂದು ಮಾತು ಬರೀಬೇಕಾದ್ರೆ ಮೇಷ್ಟ್ರು ಎಷ್ಟು ವರ್ಷ ತಪಸ್ಸು ಮಾಡಿರ್ಬೇಕು, ಊಹಿಸಿ!"

ನಾನು ಕೋಲೆಬಸವನಂತೆ ತಲೆಯಾಡಿಸಿದೆ. ಅಷ್ಟರಲ್ಲಿ ಬಾಗಿಲು ತೆರೆಯಿತು. ಕೆಂಪು ದೀಪ ಉರಿಯುತ್ತಿರುವಾಗ ಆ ಬಾಗಿಲನ್ನು ನಮ್ಮ ಮುಖ್ಯಸ್ಥನೂ ಮುಟ್ಟುವುದಿಲ್ಲ. ಚಿಕ್ಕಮ್ಮ ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂತಳು.

"ತಪಸ್ಸೇನಿಲ್ಲ ಸಾರ್. ಊಟದ ಬಿಡುವಲ್ಲಿ ಹತ್ತು ನಿಮಿಷ ಉಳಿದಿತ್ತು, ಬರೆದೆ."

ಗಾಜಿನಾಚೆ ಓಡಿ ಬಂದಿದ್ದ ಮುಖ್ಯಸ್ಥ, ನಿಲ್ಲಿಸು ನಿಲ್ಲಿಸು ಎಂದು ಕೈಯಾಡಿಸುತ್ತಿದ್ದ. ನನ್ನ ಬೆರಳು ಗುಂಡಿಯ ಮೇಲಿತ್ತು. ಒತ್ತಿದ್ದರೆ ಒಂದು ಹಾಡು ಶುರುವಾಗಿ ಎಲ್ಲ ತಣ್ಣಗಾಗುತ್ತಿತ್ತು. ನಾನು ಎರಡನೆಯ ಮೈಕನ್ನು ಚಿಕ್ಕಮ್ಮನ ಕಡೆ ತಿರುಗಿಸಿದೆ. ಇವಳು ಯಾರು, ಶಾಯಿಯ ಕಲೆ ಎಲ್ಲಿದೆ, ಕೆಂಪು ಪೆನ್ಸಿಲ್ಲು ಏನು ಹೇಳುತ್ತದೆ, ಹೊಡೆದುಹಾಕಿದ್ದನ್ನೆಲ್ಲ ಕೇಳುಗರಿಗೆ ಹೇಳಿದೆ. ಮುಂದಿನ ಬುಧವಾರದಿಂದ ಆ ಹೊತ್ತಿಗೆ ಹಾಡುಗಳನ್ನೇ ಹಾಕುತ್ತಿದ್ದಾರೆ. ಹಾಕಿಕೊಳ್ಳಲಿ.

ನಾನು ಮುಂದೆ ಹಿಡಿದ ಫೋಟೋಗಳನ್ನು ಪ್ರೊಫೆಸರು ತುಂಬ ಹೊತ್ತು ನೋಡಿದರು. ಕೆಟ್ಟ ಮನುಷ್ಯರೇನಲ್ಲ, ಮುಖ ಮಾತ್ರ ಇಂಗು ತಿಂದ ಮಂಗನ ಹಾಗಾಗಿತ್ತು. ನೀರು ಕುಡಿದು ಚೇತರಿಸಿಕೊಂಡರು.

"ಸಂತೋಷ ಅಮ್ಮಾ. ಆದ್ರೆ ವಿಚಾರ ಅನ್ನೋದು ಯಾರ ಸ್ವಂತದ್ದೂ ಅಲ್ಲ ನೋಡಿ. ಟೈಪ್ ಮಾಡ್ತಾ ಮಾಡ್ತಾ ಮೇಷ್ಟ್ರ ಚಿಂತನೆಯೇ ನಿಮ್ಮ ಕೈಲಿ ಹರಿದಿದೆ."

"ಹಾಗಾದ್ರೆ ಪುಸ್ತಕದ ಮೇಲಿರೋ ನಿಮ್ಮ ಹೆಸರೂ ತೆಗೆಸ್ಬಿಡಿ."

ಗಾಜಿನಾಚೆ ತಂತ್ರಜ್ಞ ಬಾಯಿಗೆ ಕೈ ಅಡ್ಡ ಹಿಡಿದುಕೊಂಡ. ಪ್ರೊಫೆಸರಿಗೆ ಇನ್ನೊಂದು ದಾರಿ ಹೊಳೆಯಿತು. "ಇಷ್ಟು ವರ್ಷ ನೀವು ಸುಮ್ಮನಿದ್ರಿ. ಯಾಕಂದ್ರೆ ನಿಮ್ಮನ್ನ ಯಾರೂ ಕೇಳ್ಲಿಲ್ಲ. ಅಲ್ವಾ? ಆ ವಾಕ್ಯಕ್ಕೆ ನೀವೇ ಸಾಕ್ಷಿ!" ಪುಸ್ತಕ ಉಳಿಯಿತು ಎಂಬ ನಗು ಅವರ ಮುಖದಲ್ಲಿ.

"ಕೇಳಿದ್ರು," ಅಂದಳು ಚಿಕ್ಕಮ್ಮ. "ನಿವೃತ್ತಿ ದಿನ ಹೊಸ ಮುಖ್ಯಸ್ಥರು, ಏನಾದ್ರೂ ಹೇಳೋದಿದ್ಯಾ ಅಂತ ಮೈಕೇ ಕೊಟ್ರು. ಹೆದರ್ಕೊಂಡು ಏನಿಲ್ಲ ಅಂದೆ. ಆ ವಾಕ್ಯ ಅರ್ಧ ತಪ್ಪು ಸಾರ್. ಇಪ್ಪತ್ತೆರಡು ವರ್ಷದ ಹುಡುಗಿ ಸಿಟ್ಟಲ್ಲಿ ಬರೆದಿದ್ದು. ಮೂರು ದಿನ ಕೂತು ನಿಮ್ಮ ಪುಸ್ತಕ ಪೂರ್ತಿ ಓದಿದೆ. ಎಲ್ಲೂ ಅದನ್ನ ಒಂದ್ಸಲನೂ ಪ್ರಶ್ನೆ ಮಾಡಿಲ್ಲ ನೀವು. ಮೇಷ್ಟ್ರದ್ದು ಅಂದ್ಕೊಂಡು ಕೈ ಮುಗ್ದು ಬಿಟ್ಟಿದೀರಿ."

"ಏನು ತಪ್ಪು ಅದ್ರಲ್ಲಿ?" ಪ್ರೊಫೆಸರು ಕೇಳಿದರು. ಈ ಸಲ ಉತ್ತರ ಬೇಕಾಗಿಯೇ ಕೇಳಿದ್ದರು.

"ಯಾರಾದ್ರೂ ಕೇಳ್ಲಿ ಅಂತ ಕಾಯ್ತಾ ಕೂತೋರಿಗೆ ಅದೊಂದು ನೆಪ ಆಗುತ್ತೆ. ನಂಗೆ ಆಗಿತ್ತು. ಇವತ್ತು ನನ್ನನ್ನ ಇಲ್ಲಿಗೆ ಯಾರು ಕರೆದ್ರು, ಹೇಳಿ? ಈಗಿನ ನನ್ನ ವಾಕ್ಯ ಬೇರೆ ಇದೆ."

ಪ್ರೊಫೆಸರು ಜೇಬಿನಿಂದ ಪೆನ್ನು ತೆಗೆದರು. ತಮ್ಮದೇ ಪುಸ್ತಕದ ಕೊನೆಯ ಖಾಲಿ ಹಾಳೆ ತೆರೆದು, ಹೇಳಿ ಎನ್ನುವಂತೆ ಚಿಕ್ಕಮ್ಮನ ಮುಖ ನೋಡಿದರು. ಅವಳು ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

"ಮೊದಲು ನನ್ನ ಹೆಸರು ಬರ್ಕೊಳ್ಳಿ," ಅಂದಳು. "ವಾಕ್ಯ ಆಮೇಲೆ ಹೇಳ್ತೀನಿ."