ಕಟ್ಟಿದ ಪೆಡಲು

"ತಡೀರಿ, ತಡೀರಿ! ಮಿಷನ್ ಅಡ್ಡ ಬರ್ತಿದೆ."

ಶವ ಹೊತ್ತವರು ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡರು. ಅಲ್ಲಿ ಗೋಡೆಗೊರಗಿ, ಮುಸುಕು ಹೊದ್ದು, ಬಹುಕಾಲದಿಂದ ಕೂತಿದ್ದ ಹೊಲಿಗೆ ಯಂತ್ರ. ಅದರ ಪೆಡಲನ್ನು ಹಗ್ಗದಿಂದ ಬಿಗಿದು ಕಟ್ಟಿತ್ತು.

"ಬದುಕಿದ್ದಾಗ ಯಾರ ದಾರಿಗೂ ಅಡ್ಡ ಬಂದವಳಲ್ಲ ನಮ್ಮ ದರ್ಜಿಯಮ್ಮ," ಎಂದ ಪಕ್ಕದ ಮನೆಯವನು. "ಇವತ್ತು ಮಿಷನ್ ಕೈಲಿ ಸೇಡು ತೀರಿಸ್ಕೋತಿದ್ದಾಳೆ."

ತುಂಬು ಬಸುರಿ ಮಗಳು ಮುಸುಕು ಸರಿಸಲು ಬಗ್ಗಿದಳು.

"ಏಯ್, ಮುಟ್ಬೇಡ ಕಣೇ!" ಸೋದರತ್ತೆ ಕೂಗಿದಳು. "ಆ ಹಾಳು ಪೆಡಲು ತುಳಿದೂ ತುಳಿದೂ ನಿಮ್ಮಮ್ಮ ಎರಡು ಕೂಸು ಕಳ್ಕೊಂಡ್ಲು."

*

ಎರಡು ಸಲವೂ ಕಾಲು ಬಾತು, ಬಿಪಿ ಏರಿ, ಕೂಸು ಉಳಿದಿರಲಿಲ್ಲ. ಎರಡನೆಯದನ್ನು ಮಣ್ಣು ಮಾಡಿ ಬಂದ ಗಂಡ ಹಗ್ಗ ತಂದು ಪೆಡಲು ಕಟ್ಟಿದ. ಆಮೇಲೆ ಮಗಳು ಹುಟ್ಟಿ ಬದುಕಿದಳು. ಗಂಟು ಫಲಿಸಿತು ಎನ್ನಲು ಅವಳೇ ಸಾಕ್ಷಿಯಾದಳು. ಇನ್ನು ಅದನ್ನು ಬಿಚ್ಚುವ ಮಾತನ್ನು ಯಾರೂ ಎತ್ತಲಿಲ್ಲ. ಬೀದಿಯವರು ಮಾತ್ರ ಆಕೆಯನ್ನು ದರ್ಜಿಯಮ್ಮ ಎಂದೇ ಕರೆಯುತ್ತ ಬಂದರು.

*

ಆ ಮಗಳೇ ಈಗ ಲ್ಯಾಬಿನಲ್ಲಿ ಬಸುರಿಯರ ರಕ್ತ ಪರೀಕ್ಷಿಸುವವಳು. ಹೋದ ತಿಂಗಳು ಅಮ್ಮನ ಪಕ್ಕ ಕೂತು ಹೇಳಿದ್ದಳು: "ರಕ್ತದಲ್ಲಿ ಕೆಲವು ಪ್ರೋಟೀನ್ ಇರ್ತವಮ್ಮ. ಯಾರಿಗೆ ಹೆಚ್ಚು, ಯಾರಿಗೆ ಕಡಿಮೆ ಅಂತ ಹುಟ್ಟೋಕೆ ಮುಂಚೇನೇ ಜೀನಿನಲ್ಲಿ ಬಂದಿರುತ್ತೆ. ಅದು ತುಳಿದ್ರೆ ಏರಲ್ಲ, ಕೂತ್ರೆ ಇಳಿಯಲ್ಲ. ಅದಕ್ಕೇ ನಾವು ಜೀನು ಹಿಡಿದು ಕಾರಣ ಹುಡುಕ್ತೀವಿ. ಬಸುರಲ್ಲಿ ಬಿಪಿ ಏರೋದ್ರಲ್ಲಿ ಅವುಗಳ ಕೈವಾಡ ಇದೆ ಅಂತ ಕಾಣ್ತಿದೆ."

"ಹಾಗಾದ್ರೆ ನನ್ನ ಕಾಲಿನ ತಪ್ಪಲ್ವಾ?"

"ಅಲ್ಲಮ್ಮ."

ಅಮ್ಮ ತನ್ನ ಪಾದಗಳನ್ನೇ ಬಹಳ ಹೊತ್ತು ನೋಡಿದಳು. ದೇವರಿಗೆ ಕೈ ಮುಗಿದಳು. ಆಮೇಲೆ, "ನಿಮ್ಮಪ್ಪಂಗೆ ಹೇಳ್ಬೇಡ. ತಡ್ಕೊಳ್ಳಲ್ಲ ಆ ಮನುಷ್ಯ," ಎಂದಳು. ಮಗಳು ಹೂಂ ಎಂದಿದ್ದಳು.

*

ಮೆಟ್ಟಿಲ ತಿರುವಿನಲ್ಲಿ ಅಪ್ಪನೇ ಯಂತ್ರದ ಮುಸುಕು ಎಳೆದ.

ಸೂಜಿಯ ಕೆಳಗೆ ಒಂದು ಪುಟ್ಟ ಅಂಗಿಯಿತ್ತು. ಒಂದು ತೋಳು ಕೂಡಿಸಿತ್ತು, ಇನ್ನೊಂದು ಬಾಕಿ. ಪೆಡಲಿಗೆ ಹೋಗುವ ಬೆಲ್ಟು ಕಳಚಿತ್ತು. ಮೇಲಿನ ಗಾಲಿ ಅಂಗೈ ತಾಗಿ ತಾಗಿ ಹೊಳೆಯುತ್ತಿತ್ತು. ಪೆಡಲಿನ ಗಂಟಿನ ಮೇಲೆ ಮಾತ್ರ ಧೂಳು ಹಾಗೇ ಕೂತಿತ್ತು.

"ಕೈಯಲ್ಲೇ ತಿರುಗಿಸಿದ್ದಾಳೆ," ಎಂದ ಅಪ್ಪ. "ಬಿಚ್ಚು ಅಂದಿದ್ರೆ ಬಿಚ್ತಿರ್ಲಿಲ್ವಾ ನಾನು?"

ಅವನು ಮಗಳ ಕಡೆ ತಿರುಗಿದ.

"ನೀನು ಓದಿದವಳು, ಹೇಳು ಮಗಾ. ಇದರಿಂದಾನೇ ತಾನೇ ಆ ಕೂಸುಗಳು ಹೋಗಿದ್ದು?"

ಅಮ್ಮನ ಮುಖ ಅಲ್ಲೇ, ಮೇಲಿನ ಮೆಟ್ಟಿಲಲ್ಲಿತ್ತು. ಮಗಳು ಅತ್ತ ನೋಡಿದಳು. ಸುಳ್ಳು ಬಾಯಿಗೆ ಬಂತು, ನಾಲಿಗೆ ದಾಟಲಿಲ್ಲ.

"ಅಲ್ಲಪ್ಪ."

"ಭಾರ ಆಗ್ತಿದೆ, ಬೇಗ!" ಮೇಲೆ ಶವ ಹೊತ್ತು ನಿಂತವರು ಗೊಣಗಿದರು. ಇಬ್ಬರು ಯಂತ್ರವನ್ನು ಹೊತ್ತು ಅಂಗಳಕ್ಕಿಳಿಸಿದರು. ಹಿಂದೆಯೇ ಹೊತ್ತವರ ಹೆಗಲ ಮೇಲೆ ಅಮ್ಮ ಇಳಿದು ಬಂದಳು.

"ಬಾರೋ ಅಣ್ಣಾ, ಹೊರಟ್ರು," ಎಂದಳು ಅತ್ತೆ.

ಅಪ್ಪ ಯಂತ್ರದ ಮುಂದೆ ಮಂಡಿಯೂರಿದ್ದ. ಪಕ್ಕದ ಮನೆಯವನು ಕತ್ತರಿ ಚಾಚಿದರೆ ತಲೆಯಲ್ಲಾಡಿಸಿದ. ಉಗುರಿಗೆ ಸಿಗದ ಗಂಟಿಗೆ ಹಲ್ಲು ಹಚ್ಚಿದ. ಅಮ್ಮನನ್ನು ಹೊತ್ತವರು ಗೇಟು ದಾಟಿ ಬೀದಿಯ ತಿರುವಿನಲ್ಲಿ ಮರೆಯಾದರು. ಅವನ ತಲೆಯ ಮೇಲೆ, ಸೂಜಿಗೆ ಸಿಕ್ಕ ಅಂಗಿಯ ಒಂದೇ ತೋಳು ಗಾಳಿಗೆ ಉಬ್ಬಿ, ಇಳಿದು, ಮತ್ತೆ ಉಬ್ಬುತ್ತಿತ್ತು.