ಮಾವ ನಿದ್ದೆ ಮಾಡದ ಸಭಾಂಗಣ

ನಮ್ಮ ಕಂಪನಿ ತಯಾರಿಸುವುದು ಹಾಸಿಗೆ. ಹೋದ ವರ್ಷ ವ್ಯಾಪಾರಿಗಳ ಸಮಾವೇಶದಲ್ಲಿ ಯಜಮಾನರು ಭಾಷಣಕ್ಕೆ ನಿಂತಾಗ, ಆ ತಂಪಾದ ಮಬ್ಬುಬೆಳಕಿನಲ್ಲಿ ಮೊದಲ ಸಾಲಿಗೆ ಮೊದಲ ಸಾಲೇ ತಲೆದೂಗಿತು. ಮೆಚ್ಚುಗೆಯೆಂದು ಯಜಮಾನರು ಹಿಗ್ಗಿದರು. ಎರಡನೇ ಸಾಲಿನಿಂದ ಗೊರಕೆ ಎದ್ದ ಮೇಲೆಯೇ ಅವರಿಗೆ ಅರ್ಥವಾದದ್ದು.

ಈ ವರ್ಷ ನನ್ನನ್ನು ಕರೆದರು. "ಜಾಗ, ಊಟ, ಮೈಕು, ಕುರ್ಚಿ ಎಲ್ಲಾ ನಿನ್ನ ಜವಾಬ್ದಾರಿ ಕಣಮ್ಮ. ಸಭೇಲಿ ಒಬ್ಬನೇ ಒಬ್ಬ ತೂಕಡಿಸಿದ್ರೂ ಮಾರನೇ ದಿನದಿಂದ ನೀನು ಗೋದಾಮಿಗೆ."

ಗೋದಾಮಿನ ತುಂಬ ಹತ್ತಿ. ನನಗೋ ಹತ್ತಿ ಕಂಡರೆ ಸಾಕು, ಕಣ್ಣು ಕೆಂಪಾಗಿ ಸೀನು ಹತ್ತುತ್ತದೆ.

ಆಗ ನೆನಪಾದವರು ಸೋದರಮಾವ. ಎಲ್ಲರಿಗೂ ನಿದ್ದೆ ಕರೆದರೆ ಬರುವ ನೆಂಟ. ಮಾವನಿಗೆ ಮಾತ್ರ ಕರೆಯದೆಯೇ ಬಂದು ಕಾಲು ಚಾಚುವ ನೆಂಟ. ಬಸ್ಸಿನಲ್ಲಿ ನಿಂತೇ ಮಲಗುವವರು. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿ ಅವರಿಗೆ ಅನುಕೂಲ ಮಾಡಿಕೊಟ್ಟವರು. ಇಂಥವರು ಎಚ್ಚರವಿರುವ ಜಾಗದಲ್ಲಿ ಲೋಕವೇ ಎಚ್ಚರವಿದ್ದೀತು.

"ಮಾವ, ನನ್ನ ಜೊತೆ ಬಂದು ಸ್ವಲ್ಪ ಕೂತ್ಕೋಬೇಕು."

"ಕೂತ್ಕೊಂಡು?"

"ಅಷ್ಟೇ."

"ಇಂಥ ಕೆಲಸ ಇದೆ ಅಂತ ಮೊದಲೇ ಹೇಳಬಾರದಿತ್ತಾ ಮಗೂ? ಸುಮ್ಮನೆ ಬೇರೆ ಕೆಲಸ ಮಾಡಿ ಆಯಸ್ಸು ಹಾಳು ಮಾಡ್ಕೊಂಡೆ!"

ನೋಡಲು ಹೋದ ಪ್ರತಿ ಸಭಾಂಗಣದಲ್ಲೂ ಮಾವನನ್ನು ನಡುವಿನ ಸಾಲಿನಲ್ಲಿ ಕೂರಿಸಿ, ನಾನು ವೇದಿಕೆಯಿಂದ ಹೋದ ವರ್ಷದ ಭಾಷಣ ಓದುವುದೆಂದು ಗೊತ್ತುಮಾಡಿಕೊಂಡೆ.

ದೊಡ್ಡ ಹೋಟೆಲಿನ ಸಭಾಂಗಣದಲ್ಲಿ "ಮಾನ್ಯರೇ" ಎನ್ನುವಷ್ಟರಲ್ಲಿ ಮಾವ ನಿದ್ದೆಗೆ ಹೋದರು. ಬಿಸಿಲು ಸುರಿಯುವ ಗಾಜಿನ ಸಭಾಂಗಣದಲ್ಲಿ ಮುಖಕ್ಕೆ ಕರ್ಚೀಫು ಮುಚ್ಚಿಕೊಂಡು ಹೋದರು. ಇನ್ನೊಂದು ಕಡೆ ಬೆನ್ನಿಗೆ ಒತ್ತುವ ಕಬ್ಬಿಣದ ಕುರ್ಚಿ ತರಿಸಿದೆ. ಮೈಕಿನವನು ಗೋಡೆ ನಡುಗುವಂತೆ ಕೀಂಯ್ ಎನಿಸಿದ. ಮಾವ ಮಗ್ಗುಲು ಬದಲಿಸಿದರು. ಉಸಿರು ಒಳಗೆ ಹೋಗುವಾಗ ಎರಡು ಲಘು, ಹೊರಗೆ ಬರುವಾಗ ಒಂದು ಗುರು. ಎಲ್ಲೂ ಛಂದಸ್ಸು ಕೆಡದ ಗೊರಕೆ.

"ಮೇಡಂ, ಇಲ್ಲಿ ಮಲಗೋಕೆ ಬೇರೆ ಬಾಡಿಗೆ," ಎಂದ ಅಲ್ಲಿನ ಮ್ಯಾನೇಜರ್.

ಕಡೆಗೆ ಉಳಿದದ್ದು ಬಣ್ಣ ಎದ್ದ ಗೋಡೆಗಳ ಒಂದು ಹಳೆಯ ಸಭಾಂಗಣ. ಅಡುಗೆಮನೆಗೂ ಅದಕ್ಕೂ ನಡುವೆ ಬರೀ ಒಂದು ಪರದೆ. ಆಸೆಯಿಲ್ಲದೆ ಓದತೊಡಗಿದೆ. ಭಾಷಣ ಪೂರ್ತಿ ಮುಗಿಯಿತು. ಮಾವನ ಕಣ್ಣು ನಿಚ್ಚಳವಾಗಿ ತೆರೆದಿತ್ತು!

"ಮಾವ, ಎಚ್ಚರ ಇದ್ದೀರಾ?"

"ಶ್! ಈರುಳ್ಳಿ ಕೆಂಪಾಯ್ತು. ಮುಂದೇನು ಹಾಕ್ತಾರೋ ನೋಡೋಣ."

ಸಭಾಂಗಣವನ್ನೂ ಪರದೆಯ ಹಿಂದಿದ್ದ ಅಡುಗೆಯವರನ್ನೂ ಅಲ್ಲೇ ಗೊತ್ತುಮಾಡಿದೆ. "ಭಾಷಣ ಮುಗಿಯೋವರೆಗೂ ಏನಾದ್ರೂ ಹುರೀತಾನೇ ಇರಬೇಕು," ಎಂದೆ.

"ಎಷ್ಟು ಹೊತ್ತು ಮಾತಾಡ್ತಾರೆ?"

"ದೇವರೇ ಬಲ್ಲ."

"ಹಾಗಾದ್ರೆ ಈರುಳ್ಳಿ ಮೂಟೇಲೇ ತರಿಸ್ತೀನಿ."

ಸಮಾವೇಶದ ದಿನ, ಊಟದ ಆಸೆಗೆ ಬಂದು ಮುಂದಿನ ಸಾಲು ಹಿಡಿದಿದ್ದ ಮಾವನೂ ಸೇರಿದಂತೆ, ಒಬ್ಬರೂ ರೆಪ್ಪೆ ಮುಚ್ಚಲಿಲ್ಲ. ಮೂಗು ಮೇಲೆ, ಕಣ್ಣು ಪರದೆಯ ಮೇಲೆ. ಆ ಏಕಾಗ್ರತೆ ಕಂಡು ಯಜಮಾನರು ಮತ್ತೆ ಹಿಗ್ಗಿದರು. ಭಾಷಣ ಇನ್ನಷ್ಟು ಬೆಳೆಯಿತು. ಮುಗಿಸಿ, ವೇದಿಕೆಯ ಮೇಲೆ ಅಲಂಕಾರದವರು ನಮ್ಮದೇ ಹೊಸ ಹಾಸಿಗೆಯನ್ನು ಮಡಚಿ ಮಾಡಿದ್ದ ಸಿಂಹಾಸನದಲ್ಲಿ ಕುಳಿತರು. ಹಿರಿಯ ವ್ಯಾಪಾರಿಯೊಬ್ಬರು ಅವರನ್ನು ಹೊಗಳಲು ಮೈಕು ಹಿಡಿದರು.

ಹೊಗಳಿಕೆ ನಡುವಿಗೆ ಬಂದಿತ್ತು. ಯಜಮಾನರ ಗಲ್ಲ ಎದೆಗೆ ಇಳಿಯಿತು. ಗೊರಕೆ ಎದ್ದಿತು.

ಎಲ್ಲ ಕುರ್ಚಿಯನ್ನೂ ಪರೀಕ್ಷೆ ಮಾಡಿಸಿದ್ದೆ, ಅದೊಂದನ್ನು ಬಿಟ್ಟು. ಮೂಗಿನಲ್ಲಿ ಆಗಲೇ ಹತ್ತಿ ಆಡಿದಂತಾಯಿತು.

ಮುಂದಿನ ಸಾಲಿನಿಂದ ಮಾವ ಎದ್ದರು. "ಮೆತ್ತಗೆ ಮಾತಾಡ್ರಿ, ಎದ್ದುಬಿಡ್ತಾರೆ!"

ಹಿರಿಯ ವ್ಯಾಪಾರಿ ಮೈಕು ಕೆಳಗಿಟ್ಟು, ತುದಿಗಾಲಿನಲ್ಲಿ ಬಂದು ಸಿಂಹಾಸನದ ಅಂಚನ್ನು ಬೆರಳಿನಿಂದ ಒತ್ತಿ ನೋಡಿದರು. "ಇದು ಯಾವ ಹಾಸಿಗೆ ತಾಯಿ? ನನ್ನ ಅಂಗಡಿಗೆ ಒಂದು ಲಾರಿ ಕಳಿಸಿ," ಎಂದು ವೇದಿಕೆಯ ಪಕ್ಕದಲ್ಲಿದ್ದ ನನಗೆ ಪಿಸುಗುಟ್ಟಿದರು. ಹಿಂದೆಯೇ ಉಳಿದವರ ಸಾಲು, ಎಲ್ಲರದೂ ಪಿಸುಮಾತು.

ಯಜಮಾನರು ಎದ್ದಾಗ ಚಪ್ಪಾಳೆ. ಗಲ್ಲ ಒರೆಸಿಕೊಳ್ಳುತ್ತ ನನ್ನನ್ನು ಕರೆದು ಕೇಳಿದರು, "ಯಾರಾದ್ರೂ ತೂಕಡಿಸಿದ್ರಾ?"

"ಕೆಳಗೆ ಕೂತವರು ಯಾರೂ ಇಲ್ಲ, ಸರ್."

ಅವರು ನನ್ನನ್ನು ನೋಡಿದರು, ಹಾಸಿಗೆಯನ್ನು ನೋಡಿದರು, ಆರ್ಡರ್ ಬರೆಸಲು ನಿಂತವರನ್ನು ನೋಡಿದರು. "ಮುಂದಿನ ವರ್ಷ ನೀನು ನನಗೊಂದು ಮರದ ಕುರ್ಚಿ ಹಾಕಿಸಮ್ಮ," ಎಂದರು.

ಗೋದಾಮು ತಪ್ಪಿತು ಎಂದು ಉಸಿರು ಬಿಡುವಷ್ಟರಲ್ಲಿ ಯಾರೋ ನನ್ನ ತೋಳು ತಟ್ಟಿದರು.

"ಮಗೂ," ಎಂದರು ಮಾವ ಸಿಂಹಾಸನದ ಮೇಲೆ ಕಣ್ಣಿಟ್ಟು, "ಆ ಜಾಗ ಖಾಲಿ ಆಯ್ತಾ?"