ಒಂದು ಮಗುವಿಗೆ ಒಬ್ಬರೇ ದೊಡ್ಡವರು

ಮಂಜು ಇಳಿದಿದೆ, ವಿಮಾನ ಏಳುವುದಿಲ್ಲ ಎಂದು ಗುರುವಾರ ಗಣಿಯ ಕ್ಯಾಂಪಿನಲ್ಲಿ ಹೇಳಿದಾಗ ರೆಮಿ ಗ್ರಾವೆಲ್ ಎಲ್ಲರ ಹಾಗೆ ಮೊದಲು ಮಂಜಿಗೆ ಬೈದ, ಆಮೇಲೆ ಕಂಪನಿಗೆ ಬೈದ, ಕೊನೆಗೆ ತನ್ನೂರು ಸಡ್ಬರಿಯಲ್ಲಿರುವ ಶಾಂತಲ್‌ಗೆ ಮೆಸೇಜು ಹಾಕಿದ: 'ಈ ಶನಿವಾರ ಬರೋಕಾಗಲ್ಲ. ಜೋಸೀನ ಕ್ಲಾಸಿಗೆ ಡೇಲ್ ಕರ್ಕೊಂಡು ಹೋಗ್ಲಿ.' ಶಾಂತಲ್ ಅವನನ್ನು ಬಿಟ್ಟು ವರ್ಷವಾಗಿತ್ತು. ಜೋಸಿ ಅವರಿಬ್ಬರ ಮಗಳು, ಎರಡೂವರೆ ವರ್ಷದವಳು. ಡೇಲ್ ಎಂದರೆ ಶಾಂತಲ್ ಈಗ ಕೂಡಿಕೊಂಡಿರುವ ಗಂಡಸು, ಶಾಲೆಯ ಬಸ್ಸು ಓಡಿಸುವವನು.

ಶುಕ್ರವಾರ ಮಂಜು ಹರಿಯಿತು, ವಿಮಾನ ಎದ್ದಿತು. ಆಗಲಾದರೂ ಇನ್ನೊಂದು ಮೆಸೇಜು ಹಾಕಬೇಕೋ ಬೇಡವೋ? ಬೆರಳಿಗೆ ಲಕ್ವ ಹೊಡೆದಿತ್ತೇ? ಇಲ್ಲ, ಮಹಾರಾಯನಿಗೆ ಹೇಳದೆ ಕೇಳದೆ ಹೋಗಿ ಮಗಳ ಎದುರು ನಿಲ್ಲುವ ಹುಚ್ಚು. ಗಣಿಯವರೆಲ್ಲ ಮಾಡುವ ತಪ್ಪೇ ಇದು. ಎರಡು ವಾರ ಕಾಡಿನ ಗಣಿಯಲ್ಲಿ, ಎರಡು ವಾರ ಊರಿನಲ್ಲಿ. ತಾವು ಇಲ್ಲದಾಗ ಊರು ಕೈಕಟ್ಟಿಕೊಂಡು ಕಾಯುತ್ತಿರುತ್ತದೆ, ತಾವು ಬಾಗಿಲು ತಳ್ಳಿದ ಕೂಡಲೇ ಎಲ್ಲರೂ ಕುಣಿದಾಡುತ್ತಾರೆ ಎಂದು ವಿಮಾನದಲ್ಲಿ ಕೂತು ಅಂದುಕೊಳ್ಳುತ್ತಾರೆ. ಎಷ್ಟು ಸಲ ಪೆಟ್ಟು ತಿಂದರೂ ಬುದ್ಧಿ ಬರುವುದಿಲ್ಲ.

ಅವನು ಊರಲ್ಲಿದ್ದಾಗಿನ ಶನಿವಾರ ಅವನದು ಎಂದು ಮಾತಾಗಿತ್ತು. ಬೆಳಿಗ್ಗೆ ಮಗಳನ್ನು ಪುಟಾಣಿಗಳ ಕಸರತ್ತಿನ ಕ್ಲಾಸಿಗೆ ಕರೆದುಕೊಂಡು ಹೋಗುವುದು, ಅಲ್ಲಿಂದ ತನ್ನ ಮನೆಗೆ, ಭಾನುವಾರ ಸಂಜೆ ವಾಪಸ್ಸು. ಆದರೆ ಒಮ್ಮೆ ಮಂಜು, ಒಮ್ಮೆ ಓವರ್‌ಟೈಮು, ಒಮ್ಮೆ ಅವನಿಗೇ ಜ್ವರ. ಹೀಗೆ ಬೇಸಿಗೆ ಕಳೆದು ಹಿಮ ಬಿದ್ದೇಬಿಟ್ಟಿತು. ಕಳೆದ ಸಲ ಕರೆದುಕೊಂಡು ಹೋದಾಗ ಜೋಸಿ ಊಟ ಮುಟ್ಟದೆ ಅತ್ತೂ ಅತ್ತೂ ಮುಖ ನೀಲಿಗಟ್ಟಿದ್ದರಿಂದ ಸಂಜೆಯೇ ಅವಳನ್ನು ತಾಯಿಯ ಹತ್ತಿರ ಬಿಟ್ಟು ಬಂದಿದ್ದ. ಶಾಂತಲ್ ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

"ನೋಡು ರೆಮಿ," ಎಂದಿದ್ದಳು, "ಅವಳಾಗಿ ನಿನ್ನ ಹತ್ರ ಬಂದ್ರೆ ಕರ್ಕೊಂಡು ಹೋಗು, ನಾನು ಬೇಡ ಅನ್ನಲ್ಲ. ಬರಲ್ಲ ಅಂದ್ರೆ ಎಳ್ಕೊಂಡು ಹೋಗ್ಬೇಡ. ನಾನು ಕೇಳೋದು ಇಷ್ಟೇ."

ಇಷ್ಟೇ ಅಂತೆ! ನೆಲದಡಿಯ ಬಂಡೆಯನ್ನು ಸಿಡಿಸುವುದಕ್ಕೆ ಮದ್ದಿದೆ, ಮಗು ತಾನಾಗಿ ಬರುವ ಹಾಗೆ ಮಾಡುವುದಕ್ಕೆ ಏನಿದೆ? ಆದರೂ ರೆಮಿ ಊರಿಗೆ ಬಂದವನೇ ಅಂಗಡಿಗೆ ಹೋಗಿ ಪ್ಯಾನ್‌ಕೇಕ್ ಹಿಟ್ಟು, ಮೇಪಲ್ ಪಾಕ, ಬಾತುಕೋಳಿ ಚಿತ್ರದ ಹೊದಿಕೆ ಎಲ್ಲ ತಂದಿಟ್ಟ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಜಾತಿ.

ಕ್ಲಾಸು ನಡೆಯುವುದು ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಆಡುವ ಕರ್ಲಿಂಗ್ ಕ್ಲಬ್ಬಿನ ಮಹಡಿಯ ಮೇಲೆ. ಶನಿವಾರ ಅವನು ಮೆಟ್ಟಿಲು ಹತ್ತಿ ಹೋದರೆ ಬೂಟು ಬಿಡುವ ಜಾಗದಲ್ಲಿ ಡೇಲ್ ಮಂಡಿಯೂರಿ ಜೋಸಿಯ ಕಾಲುಚೀಲ ಎಳೆಯುತ್ತಿದ್ದ. ಆರಡಿ ಮೀರಿದ ಆಳು, ನೆಲಕ್ಕೆ ಕೂತರೂ ಅರ್ಧ ಬಾಗಿಲು ಅವನೇ.

"ಅಯ್ಯೋ, ರೆಮಿ! ವಿಮಾನ ಬಂತಾ? ಒಂದ್ ಮಾತು ಹೇಳಬಾರದಿತ್ತಾ ಮಾರಾಯ!" ಎಂದು ಡೇಲ್ ಎದ್ದು ನಿಂತ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಅದೇ ರೆಮಿಯ ಕಷ್ಟ. ಈ ಮನುಷ್ಯನನ್ನು ದ್ವೇಷಿಸೋಣ ಎಂದರೆ ಅವನು ಒಂದು ಕಾರಣವನ್ನಾದರೂ ಕೊಡಬೇಕಲ್ಲ! "ಪುಟ್ಟಿ, ನೋಡು ಯಾರು ಬಂದಿದಾರೆ!"

"ಪಪ್ಪಾ," ಎಂದಳು ಜೋಸಿ. ನಕ್ಕಳು ಕೂಡ. ರೆಮಿಯ ಎದೆ ಅರಳಿತು. ಅವನು ಕೈ ಚಾಚಿದ. ಜೋಸಿ ನಗುನಗುತ್ತಲೇ ಡೇಲ್‌ನ ಪ್ಯಾಂಟಿನ ಹಿಂದೆ ಸೇರಿಕೊಂಡಳು.

ಕ್ಲಾಸಿನ ಮೇಡಂ ಕಾರ್ಲಿ, ಮೂವತ್ತು ದಾಟದ ಚುರುಕು ಹೆಂಗಸು, ಒಳಗಿನಿಂದಲೇ ಕೂಗಿ ಹೇಳಿದಳು: "ಒಂದು ಮಗುವಿಗೆ ಒಬ್ಬರೇ ದೊಡ್ಡವರು! ಇನ್ನೊಬ್ಬರು ಗಾಜಿನ ಗೋಡೆ ಆಚೆ ಬೆಂಚಲ್ಲಿ ಕೂತ್ಕೊಳಿ. ಯಾರು ಬರ್ತೀರಿ, ಬೇಗ ಬನ್ನಿ!"

ಇಬ್ಬರು ಗಂಡಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನೀನೇ ಹೋಗು," ಎಂದ ಡೇಲ್. "ನಿನ್ನ ಶನಿವಾರ ತಾನೇ." ಮತ್ತೆ ಬಗ್ಗಿ ಜೋಸಿಯ ಕಿವಿಯಲ್ಲಿ ಏನೋ ಹೇಳಿ ಅವಳನ್ನು ಮ್ಯಾಟಿನ ಕಡೆಗೆ ಮೆಲ್ಲಗೆ ತಳ್ಳಿದ. ಜೋಸಿ ಹೋದಳು. ರೆಮಿಯೂ ಬೂಟು ಕಳಚಿ ಅವಳ ಹಿಂದೆ ಹೋದ.

ಮೊದಲು ಎಲ್ಲರೂ ವೃತ್ತವಾಗಿ ಕೂತು ಹಾಡಿಗೆ ಕೈಕಾಲು ಆಡಿಸುವುದು. ಉಳಿದ ಅಪ್ಪ ಅಮ್ಮಂದಿರಿಗೆಲ್ಲ ಬಾಯಿಪಾಠ. ರೆಮಿ ಪಕ್ಕದವಳನ್ನು ನೋಡಿ ಕೈ ಎತ್ತುವಷ್ಟರಲ್ಲಿ ಅವಳು ಕೈ ಇಳಿಸಿ ಮೂಗು ಮುಟ್ಟಿಕೊಂಡಿರುತ್ತಿದ್ದಳು. ಇವನು ಮೂಗು ಮುಟ್ಟುವಷ್ಟರಲ್ಲಿ ಹಾಡೇ ಮುಗಿದಿತ್ತು. ಜೋಸಿ ಅವನನ್ನೇ ನೋಡಿದಳು, ಅಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ.

ಆಮೇಲೆ ಹಲಗೆಯ ಮೇಲೆ ನಡೆಯುವುದು. ನೆಲದಿಂದ ಗೇಣೆತ್ತರದ ಹಲಗೆ, ಬಿದ್ದರೂ ಮೆತ್ತೆಯ ಮೇಲೆ. ಆದರೂ ರೆಮಿಗೆ ಜೀವ ಬಾಯಿಗೆ ಬಂತು. ಕಂಕುಳಿಗೆ ಎರಡೂ ಕೈ ಹಾಕಿ ಮಗಳನ್ನು ಅನಾಮತ್ತು ಎತ್ತಿಯೇ ನಡೆಸಹೋದ.

"ಬೇಡಾ! ಬೆಳ್ಳು!" ಎಂದು ಜೋಸಿ ಕಾಲು ಝಾಡಿಸಿದಳು.

"ಏನು ಬೇಕು ಕಂದಾ? ಬೆಲ್ಲಾನಾ?"

"ಬೆಳ್ಳೂ!" ಅವಳ ಕಿರುಚಾಟಕ್ಕೆ ಹಿಂದೆ ಸಾಲುಗಟ್ಟಿದ್ದ ಮಕ್ಕಳೆಲ್ಲ ಬಾಯಿ ಬಿಟ್ಟುಕೊಂಡು ನಿಂತವು. ರೆಮಿ ದಿಕ್ಕೆಟ್ಟು ತಲೆ ಎತ್ತಿದ. ಗಾಜಿನ ಆಚೆ ಡೇಲ್ ನಿಂತು ತನ್ನ ತೋರುಬೆರಳನ್ನು ಎತ್ತಿ ತೋರಿಸುತ್ತಿದ್ದ. ಒಂದೇ ಒಂದು ಬೆರಳು. ಹಿಡಿಯಬೇಡ, ಬೆರಳು ಕೊಡು, ಅವಳೇ ಹಿಡಿದುಕೊಳ್ಳುತ್ತಾಳೆ ಎಂದು ತುಟಿಯಲ್ಲೇ ಹೇಳಿದ. ರೆಮಿ ಬೆರಳು ಚಾಚಿದ. ಜೋಸಿ ಅದನ್ನು ಹಿಡಿದು, ಅಳು ನಿಲ್ಲಿಸಿ, ರಾಣಿಯ ಹಾಗೆ ಹಲಗೆಯ ತುದಿಯವರೆಗೂ ನಡೆದಳು. ರೆಮಿಗೆ ಸಂತೋಷವಾಗಲಿಲ್ಲವೇ? ಆಯಿತು, ಕಣ್ಣು ತುಂಬಿತು. ಆದರೆ ತನ್ನ ಮಗಳಿಗೆ ಬೆರಳು ಕೊಡುವುದನ್ನು ಇನ್ನೊಬ್ಬನಿಂದ ಕಲಿಯಬೇಕಾಯಿತಲ್ಲ ಎಂದು ಹೊಟ್ಟೆಯೂ ಉರಿಯಿತು. ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಕೊನೆಗೆ ಆ ಆಟ ಬಂತು. ಮಕ್ಕಳೆಲ್ಲ ಬಣ್ಣದ ದೊಡ್ಡ ಬಟ್ಟೆಯ ಕೆಳಗೆ ಅಡಗಬೇಕು. ದೊಡ್ಡವರು ಗೋಡೆಗೆ ಬೆನ್ನು ಕೊಟ್ಟು, ಮಂಡಿಯೂರಿ, ತೋಳು ತೆರೆದು ಕೂರಬೇಕು. ಮೇಡಂ ಬಟ್ಟೆ ಎಳೆದು "ನಿಮ್ಮವರು ಎಲ್ಲಿ?" ಎಂದು ಕೂಗಿದ ಕೂಡಲೇ ಮಕ್ಕಳು ಓಡಿಹೋಗಿ ತಮ್ಮ ತಮ್ಮವರ ತೋಳಿಗೆ ಬೀಳಬೇಕು. ಪ್ರತಿ ವಾರ ಕ್ಲಾಸು ಮುಗಿಯುವ ಮುಂಚೆ ಇದು ಆಗಲೇಬೇಕು. ಯಾರು ಕಂಡುಹಿಡಿದರೋ ಪುಣ್ಯಾತ್ಮರು.

ರೆಮಿ ತೋಳು ತೆರೆದು ಕೂತ. ಬಂದರೆ ಇವತ್ತು ಮನೆಗೆ ಕರೆದುಕೊಂಡು ಹೋಗುತ್ತೇನೆ, ಶಾಂತಲ್ ಹೇಳಿದ್ದು ಇದನ್ನೇ ಅಲ್ಲವೇ? ಬಾ ಕಂದಾ, ಬಾ ಎಂದು ಒಳಗೊಳಗೇ ಬೇಡಿಕೊಂಡ. ಗಾಜಿನ ಕಡೆ ಕಣ್ಣು ಹಾಯಿಸಿದರೆ ಅಲ್ಲಿ ಡೇಲ್ ಇರಲಿಲ್ಲ. ಆ ಅಷ್ಟುದ್ದದ ಮನುಷ್ಯ ಮಗುವಿನ ಕಣ್ಣಿಗೆ ಬೀಳಬಾರದೆಂದು ಕೋಟುಗಳು ನೇತುಬಿದ್ದ ಮೂಲೆಯಲ್ಲಿ, ಇನ್ಯಾರದೋ ಜಾಕೆಟ್ಟಿನ ಹಿಂದೆ ಮುದುರಿ ಕುಕ್ಕರಗಾಲಲ್ಲಿ ಕೂತಿದ್ದ. ನೋಡಿದರೆ ನಗು ಬರಬೇಕು. ರೆಮಿಗೆ ಬರಲಿಲ್ಲ.

"ನಿಮ್ಮವರು ಎಲ್ಲಿ?"

ಬಟ್ಟೆ ಹಾರಿತು. ಮಕ್ಕಳು ಕಿಲಕಿಲ ಎನ್ನುತ್ತ ದಿಕ್ಕುದಿಕ್ಕಿಗೆ ಓಡಿದವು. ಜೋಸಿಯೂ ಓಡಿದಳು. ರೆಮಿಯನ್ನು ನೋಡಿದಳು, ಅವನ ಕಡೆ ನಾಲ್ಕು ಹೆಜ್ಜೆ ಬಂದಳು ಕೂಡ, ಆಮೇಲೆ ತಿರುಗಿ ನೇರ ಗಾಜಿನ ಹತ್ತಿರ ಹೋಗಿ ಎರಡೂ ಅಂಗೈಯಿಂದ ಬಡಿಯತೊಡಗಿದಳು. "ಡೇಲ್! ಡೇಲ್ ಎಲ್ಲಿ? ಡೇಲ್!" ಆಚೆ ಯಾರೂ ಕಾಣಲಿಲ್ಲ. ಅವಳು ಅಲ್ಲೇ ಕುಕ್ಕರಿಸಿ ಬಿಕ್ಕಿ ಬಿಕ್ಕಿ ಅತ್ತಳು.

ಉಳಿದ ಮಕ್ಕಳೆಲ್ಲ ತಮ್ಮ ತಮ್ಮವರ ತೋಳಿನಲ್ಲಿದ್ದವು. ಒಮ್ಮೆ ತೆರೆದ ತೋಳನ್ನು, ಯಾರೂ ಬರದೆ ಹೋದಾಗ ಏನು ಮಾಡಬೇಕು? ತಕ್ಷಣ ಮಡಚಿದರೆ ನಾಚಿಕೆ, ಹಾಗೇ ಹಿಡಿದಿದ್ದರೆ ಇನ್ನೂ ನಾಚಿಕೆ. ರೆಮಿ ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದ. ಯಾರೂ ಅವನನ್ನು ನೋಡಲಿಲ್ಲ, ಎಲ್ಲರೂ ತಮ್ಮ ಮಕ್ಕಳ ಕೂದಲು ಸರಿಮಾಡುವುದರಲ್ಲಿ ಮುಳುಗಿಬಿಟ್ಟರು. ಅವನು ಎದ್ದು ಮಗಳ ಹತ್ತಿರ ಹೋಗಿ ಬೆನ್ನು ಮುಟ್ಟಿದ. ಅವಳು ಇನ್ನೂ ಜೋರಾಗಿ ಅತ್ತಳು. ಬೆರಳು ಕೊಟ್ಟ. ಅದನ್ನೂ ತಳ್ಳಿದಳು.

"ಡೇಲ್," ಎಂದು ರೆಮಿ ಗಾಜು ತಟ್ಟಿದ. ಜಾಕೆಟ್ಟುಗಳ ನಡುವಿನಿಂದ ಡೇಲ್‌ನ ಕೆಂಪಗಾದ ಮುಖ ಹೊರಬಂತು. "ಬಾ ಮಾರಾಯ. ಒಳಗೆ ಬಾ."

"ಬೇಡ ರೆಮಿ. ಸ್ವಲ್ಪ ಹೊತ್ತು ಅಳ್ತಾಳೆ, ಆಮೇಲೆ ಸುಮ್ನಾಗ್ತಾಳೆ."

"ಬಾ ಅಂದೆನಲ್ಲ. ಅವಳು ಅಳೋದು ನನ್ನ ಕೈಲಿ ನೋಡೋಕಾಗಲ್ಲ."

ಡೇಲ್ ಒಳಗೆ ಕಾಲಿಟ್ಟ. ಕಾರ್ಲಿ ಮೇಡಂ, ಪಾಪ, ನೆಲ ನೋಡಿದಳು. ನಿಯಮ ಗೊತ್ತಿತ್ತಲ್ಲ, ರೆಮಿ ತಾನಾಗಿಯೇ ಹೊರಗೆ ಬಂದು ಬೆಂಚಿನ ಮೇಲೆ ಕೂತು ಬೂಟು ಹಾಕಿಕೊಳ್ಳತೊಡಗಿದ. ಗಾಜಿನ ಒಳಗೆ ಅಳು ನಿಂತಿತ್ತು. ಇನ್ನೂ ಸ್ವಲ್ಪ ಹೊತ್ತು ಉಳಿದಿತ್ತೆಂದು ಮೇಡಂ ಮಕ್ಕಳನ್ನು ಇನ್ನೊಮ್ಮೆ ಹಲಗೆಯ ಕಡೆಗೆ ಬಿಟ್ಟಳು.

ಅಷ್ಟರಲ್ಲಿ ಒಬ್ಬ ಅಜ್ಜಿ ಟೊಪ್ಪಿಗೆಯ ಹಿಮ ಕೊಡವುತ್ತ ಮೆಟ್ಟಿಲು ಹತ್ತಿ ಬಂದು ಅವನ ಪಕ್ಕ ಕೂತಳು. ಮೊಮ್ಮಗನನ್ನು ಕರೆದುಕೊಂಡು ಹೋಗಲು ಬಂದವಳು. ಚೀಲದಿಂದ ಏಲಕ್ಕಿ ಬನ್ ತೆಗೆದು ಮುರಿದು, ಕೇಳದೆಯೇ ಅರ್ಧ ಅವನ ಕೈಗಿಟ್ಟಳು.

"ಹೊಸಬರಾ? ಯಾವುದಪ್ಪಾ ನಿಮ್ಮ ಮಗು?"

"ಅದೋ, ಹಸಿರು ಅಂಗಿ."

"ಓಹೋ, ಡೇಲ್ ಮಗಳು! ಮುದ್ದು ಅಂದ್ರೆ ಮುದ್ದು. ಅವನೂ ಅಷ್ಟೇ, ಎಂಥ ಅಪ್ಪ ಅಂತೀರಿ! ಹಿಮ ಬೀಳ್ಲಿ, ಬೆಂಕಿ ಬೀಳ್ಲಿ, ಬಂದೇ ಬರ್ತಾನೆ." ಅಜ್ಜಿ ಕನ್ನಡಕ ಸರಿಮಾಡಿಕೊಂಡು ಅವನ ಮುಖವನ್ನೊಮ್ಮೆ, ಗಾಜಿನ ಒಳಗೊಮ್ಮೆ ನೋಡಿದಳು. "ಆದ್ರೆ ಮೂಗು ಥೇಟು ನಿಮ್ದೇ ನೋಡಿ. ಚಿಕ್ಕಪ್ಪನಾ?"

ಹೇಳಬಹುದಿತ್ತು. ಹೇಳಿದರೆ ಅಜ್ಜಿ ಅಯ್ಯೋ ಎನ್ನುತ್ತಾಳೆ, ಮತ್ತೆ ಇಲ್ಲಿ ಯಾಕೆ ಕೂತಿದ್ದೀರಿ ಎನ್ನುತ್ತಾಳೆ. ಒಳಗೆ ಜೋಸಿ ಡೇಲ್‌ನ ಬೆರಳು ಹಿಡಿದು ಹಲಗೆಯ ಅರ್ಧಕ್ಕೆ ಬಂದಿದ್ದಳು.

"ಹೂಂ," ಎಂದ ರೆಮಿ. "ಚಿಕ್ಕಪ್ಪ."

"ಒಳ್ಳೇದಾಯ್ತು ಬಿಡಿ. ಇವತ್ತು ನಿಮ್ಮನೇಗೆ ಕರ್ಕೊಂಡು ಹೋಗ್ತೀರೇನೋ?"

"ಇಲ್ಲಮ್ಮ," ಎಂದ. "ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದೆ."